ನಾಯಿಯ ಹೊಟ್ಟೆ ಪದೇ ಪದೇ ಕೆಡುವಾಗ ಬಟ್ಟಲಲ್ಲಿ ಏನಿರಬೇಕು

ನಾಯಿಗೆ ಒಂದೆರಡು ದಿನ ಭೇದಿಯಾಗಿ ತಾನಾಗಿಯೇ ನಿಂತುಹೋದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲೋ ಏನೋ ತಿಂದಿರುತ್ತದೆ, ಹೊಟ್ಟೆ ಅದನ್ನು ಹೊರಹಾಕಿರುತ್ತದೆ. ಮನೆಯವರನ್ನು ಸುಸ್ತು ಮಾಡುವುದು ಇನ್ನೊಂದು ಬಗೆಯದು. ನಾಲ್ಕು ದಿನ ಸರಿಯಿದ್ದು ಐದನೆಯ ದಿನ ಮತ್ತೆ ತೆಳ್ಳಗಾಗುತ್ತದೆ. ಮಾತ್ರೆ ಕೊಡುವಷ್ಟು ದಿನ ನಿಲ್ಲುತ್ತದೆ, ನಿಲ್ಲಿಸಿದ ವಾರಕ್ಕೇ ಮರಳುತ್ತದೆ. ಹೀಗೆ 3 ವಾರ ದಾಟಿದರೆ ಪಶುವೈದ್ಯರು ಅದನ್ನು ದೀರ್ಘಕಾಲದ ಭೇದಿ ಎಂದು ಪರಿಗಣಿಸುತ್ತಾರೆ. ತಿಂದದ್ದು ಒಗ್ಗದೆ ಬಂದ ಭೇದಿಯಾಗಲಿ, ಸಾಮಾನ್ಯ ವೈರಸ್ ಸೋಂಕಾಗಲಿ ಅಷ್ಟು ಹೊತ್ತಿಗೆ ತಣ್ಣಗಾಗಿರುತ್ತವೆ. ಆಗದಿದ್ದರೆ ಕಾರಣ ಒಳಗೇ ಕೂತಿದೆ, ಇಲ್ಲವೇ ದಿನವೂ ಬಟ್ಟಲಲ್ಲಿ ಬರುತ್ತಿದೆ ಎಂದರ್ಥ.

ಬಟ್ಟಲಲ್ಲಿ ಬರುತ್ತಿರುವ ಸಾಧ್ಯತೆಯೇ ಹೆಚ್ಚು. ಹುಳು, ಸೋಂಕು, ಬೇರೆ ಅಂಗಗಳ ಕಾಯಿಲೆ ಇವುಗಳನ್ನೆಲ್ಲ ಪರೀಕ್ಷಿಸಿ ಬದಿಗಿಟ್ಟ ಮೇಲೆ ಉಳಿಯುವ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬರೀ ಊಟ ಬದಲಿಸಿದ್ದಕ್ಕೇ ಸುಧಾರಿಸುತ್ತವೆ. ಆದರೂ ಎಷ್ಟೋ ಮನೆಗಳಲ್ಲಿ ಇದು ತಿಂಗಳುಗಟ್ಟಲೆ ಎಳೆಯುತ್ತದೆ. ಕಾರಣ, ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಸೋಮವಾರ ಹೊಸ ಡಾಗ್ ಫುಡ್, ಮಂಗಳವಾರ ಮೊಸರನ್ನ, ಬುಧವಾರ ಯಾರೋ ಹೇಳಿದ ಪುಡಿ, ಗುರುವಾರ ಆ್ಯಂಟಿಬಯೋಟಿಕ್. ಶನಿವಾರ ಭೇದಿ ನಿಂತರೆ ಯಾವುದರಿಂದ ನಿಂತಿತು? ಮತ್ತೆ ಶುರುವಾದರೆ ಯಾವುದು ಕೆಡಿಸಿತು? ಹೇಳಲು ದಾರಿಯೇ ಇರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಸಾಕಷ್ಟು ದಿನ, ಮತ್ತು ಬರೆದಿಟ್ಟ ಲೆಕ್ಕ. ಈ ಕಾಯಿಲೆಯನ್ನು ನಿಭಾಯಿಸುವುದೆಂದರೆ ಬಹುಪಾಲು ಇಷ್ಟೇ, ಮತ್ತು ಇಷ್ಟನ್ನು ಪಾಲಿಸುವುದೇ ಕಷ್ಟ.

ಲೆಕ್ಕ ಶುರುವಾಗುವುದು ಮಲವನ್ನು ನೋಡುವುದರಿಂದ. ಅಸಹ್ಯಪಟ್ಟುಕೊಳ್ಳದೆ ನೋಡಬೇಕು, ದಿನಕ್ಕೊಂದು ಫೋಟೋ ತೆಗೆದಿಡಬೇಕು. ವೈದ್ಯರು ಬಳಸುವುದು 1ರಿಂದ 7ರ ಅಳತೆ. 1 ಎಂದರೆ ಗೋಲಿಯಂತೆ ಒಣಗಿದ ಉಂಡೆ, 7 ಎಂದರೆ ಬರೀ ನೀರು. 2 ಆರೋಗ್ಯದ ಗುರುತು: ಗಟ್ಟಿಯಾಗಿದ್ದರೂ ಒಣಗಿರುವುದಿಲ್ಲ, ಮೇಲೆ ಬಿರುಕಿನ ಗೆರೆಗಳಿರುತ್ತವೆ, ಎತ್ತಿದರೆ ನೆಲದಲ್ಲಿ ಹೆಚ್ಚೇನೂ ಅಂಟಿಕೊಂಡಿರುವುದಿಲ್ಲ. 4ಕ್ಕೆ ಬಂದಾಗ ಆಕಾರವಿದ್ದರೂ ಎತ್ತಿದ ಜಾಗದಲ್ಲಿ ಕಲೆ ಉಳಿಯುತ್ತದೆ. 6ರಲ್ಲಿ ಆಕಾರವೇ ಇರುವುದಿಲ್ಲ, ಮಂದವಾದ ಮಡು ಮಾತ್ರ. "ಸ್ವಲ್ಪ ಲೂಸ್ ಇದೆ ಡಾಕ್ಟ್ರೇ" ಎನ್ನುವುದಕ್ಕಿಂತ "ಹತ್ತು ದಿನದಲ್ಲಿ ಆರು ದಿನ 5, ಉಳಿದ ದಿನ 3" ಎಂದರೆ ವೈದ್ಯರಿಗೆ ಕೆಲಸ ಅರ್ಧ ಹಗುರವಾಗುತ್ತದೆ.

ಎಲ್ಲಿಂದ ಬರುತ್ತಿದೆ ಎಂಬುದೂ ಅದರಲ್ಲೇ ಕಾಣುತ್ತದೆ. ಸಣ್ಣ ಕರುಳಿನ ತೊಂದರೆಯಾದರೆ ದಿನಕ್ಕೆ ಎರಡು ಮೂರು ಸಲವೇ ಹೋದರೂ ಪ್ರತಿ ಸಲ ರಾಶಿ ರಾಶಿ ಹೋಗುತ್ತದೆ. ನಾಯಿ ತೂಕ ಕಳೆದುಕೊಳ್ಳುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ, ರಕ್ತ ಬಿದ್ದರೆ ಜೀರ್ಣವಾಗಿ ಡಾಂಬರಿನ ಬಣ್ಣಕ್ಕೆ ತಿರುಗಿರುತ್ತದೆ. ದೊಡ್ಡ ಕರುಳಿನದಾದರೆ ಆರೇಳು ಸಲ ಅವಸರ, ಹೋದಾಗ ಒಂದು ಚಮಚದಷ್ಟೇ. ಜೊತೆಗೆ ಲೋಳೆ, ಕೊನೆಯಲ್ಲಿ ಕೆಂಪು ರಕ್ತದ ಹನಿ, ಮುಗಿದ ಮೇಲೂ ಬೆನ್ನು ಬಾಗಿಸಿ ತಿಣುಕುವುದು. ತೂಕ ಮಾತ್ರ ಅಷ್ಟಾಗಿ ಇಳಿಯದು. ಮುಂದೆ ಯಾವ ಪರೀಕ್ಷೆ, ಯಾವ ಊಟ ಎಂಬುದಕ್ಕೆ ಈ ವ್ಯತ್ಯಾಸವೇ ದಾರಿ. ತೂಕವನ್ನು ವಾರಕ್ಕೊಮ್ಮೆ ನೋಡಬೇಕು. ಮನೆಯ ತಕ್ಕಡಿಯ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆದರೆ ಸಾಕು.

ಕೆಲವು ಸಂದರ್ಭಗಳಲ್ಲಿ ಈ ಲೆಕ್ಕಕ್ಕೆ ಸಮಯವಿಲ್ಲ. ಲಸಿಕೆ ಪೂರ್ತಿಯಾಗದ ಮರಿಗೆ ವಾಂತಿ ಮತ್ತು ಭೇದಿ ಒಟ್ಟಿಗೆ ಬಂದರೆ ಪಾರ್ವೊ ಎಂಬ ಮಾರಕ ವೈರಸ್ ಸೋಂಕಿರಬಹುದು, ಅದೇ ದಿನ ಆಸ್ಪತ್ರೆ. ಒಸಡು ಬಿಳಿಚಿದ್ದರೆ ಅಥವಾ ಮುಟ್ಟಿದಾಗ ಒಣಗಿ ಅಂಟುವಂತಿದ್ದರೆ, ಜೆಲ್ಲಿಯಂಥ ರಕ್ತ ಹೋಗುತ್ತಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಸುತ್ತಿದ್ದರೆ ಕಾಯಬಾರದು.

ಮೊದಲ ಪರೀಕ್ಷೆ ಮಲದ್ದು, ಮತ್ತು ಅತಿ ಹೆಚ್ಚು ಕೆಡುವುದೂ ಅದೇ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಯೂರಿನ್ ಡಬ್ಬಿಯಲ್ಲಿ, ಮಣ್ಣು ಹುಲ್ಲು ತಾಗದ ಭಾಗದಿಂದ ಒಂದು ದೊಡ್ಡ ನೆಲ್ಲಿಕಾಯಿಯಷ್ಟು ತೆಗೆದುಕೊಂಡು ಒಂದೆರಡು ಗಂಟೆಯೊಳಗೆ ತಲುಪಿಸಬೇಕು. ತಡವಾಗುವುದಾದರೆ ಫ್ರಿಡ್ಜ್‌ನಲ್ಲಿಡಬಹುದು, ಫ್ರೀಜರ್‌ನಲ್ಲಿ ಬೇಡ. ಜಿಯಾರ್ಡಿಯಾ ಎಂಬ ಏಕಕೋಶ ಜೀವಿಯಾಗಲಿ, ಕರುಳಿನಲ್ಲಿ ಬದುಕುವ ಚಾಟಿಹುಳುವಿನ (ವಿಪ್‌ವರ್ಮ್) ಮೊಟ್ಟೆಯಾಗಲಿ ದಿನವೂ ಮಲದಲ್ಲಿ ಬರುವುದಿಲ್ಲ. ಹಾಗಾಗಿ ಒಂದು ಸಲ "ಏನೂ ಇಲ್ಲ" ಎಂದು ಬಂದ ವರದಿಯನ್ನು ನಂಬಿ ಕೂರಬಾರದು. ಬೇರೆ ಬೇರೆ ದಿನದ ಮೂರು ಮಾದರಿ ಕೊಟ್ಟರೆ ಸಿಗುವ ಸಾಧ್ಯತೆ ಬಹಳ ಹೆಚ್ಚು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಂಥ ಪಶುವೈದ್ಯಕೀಯ ಕಾಲೇಜುಗಳ ಹತ್ತಿರ ಇರುವವರು ಅಲ್ಲಿನ ಆಸ್ಪತ್ರೆಗಳಲ್ಲಿ ವಿಚಾರಿಸುವುದು ಒಳ್ಳೆಯದು.

"ಡಿವಾರ್ಮಿಂಗ್ ಆಗಿದೆ" ಎಂಬ ಮಾತು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಒಂದು ಡೋಸ್ ಮಾತ್ರೆಯಿಂದ ಜಿಯಾರ್ಡಿಯಾ ಹೋಗದು. ಚಾಟಿಹುಳುವಿನ ಮೊಟ್ಟೆ ಅಂಗಳದ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ನಾಯಿ ಮತ್ತೆ ಮತ್ತೆ ಅದನ್ನೇ ನೆಕ್ಕುತ್ತದೆ. ಅದಕ್ಕೇ ವೈದ್ಯರು ಮಲಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಫೆನ್‌ಬೆಂಡಜೋಲ್ ಎಂಬ ಹುಳುವಿನ ಔಷಧಿ ಕೊಟ್ಟು ನೋಡುತ್ತಾರೆ: ದೇಹದ ತೂಕದ ಪ್ರತಿ ಕೆಜಿಗೆ 50 ಮಿಲಿಗ್ರಾಂ, ದಿನಕ್ಕೊಮ್ಮೆ, ಊಟದ ಜೊತೆ, 3ರಿಂದ 5 ದಿನ. 20 ಕೆಜಿ ನಾಯಿಗೆ ದಿನಕ್ಕೆ 1 ಗ್ರಾಂ ಆಯಿತು. ಚಾಟಿಹುಳುವಾದರೆ 3 ವಾರಕ್ಕೆ, ಮತ್ತೆ 3 ತಿಂಗಳಿಗೆ ಪುನಃ ಕೊಡಬೇಕು. ಜಿಯಾರ್ಡಿಯಾಕ್ಕೆ ಔಷಧಿಯಷ್ಟೇ ಮುಖ್ಯ ಮನೆಯ ಶುಚಿ. ಮಲವನ್ನು ಆಗಿಂದಾಗ ಎತ್ತಬೇಕು, ನೀರಿನ ಬಟ್ಟಲನ್ನು ದಿನವೂ ಕುದಿಯುವ ನೀರು ಹಾಕಿ ತೊಳೆಯಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಕೊನೆಯ ಡೋಸ್ ದಿನ ಶ್ಯಾಂಪೂ ಹಾಕಿ ಹಿಂಭಾಗವನ್ನು ಚೆನ್ನಾಗಿ ತೊಳೆಯಬೇಕು. ಕೂದಲಿಗೆ ಅಂಟಿದ ಜಿಯಾರ್ಡಿಯಾ ಕೋಶಗಳನ್ನು ನಾಯಿ ನೆಕ್ಕಿಕೊಂಡರೆ ಐದು ದಿನದ ಚಿಕಿತ್ಸೆ ನೀರಿಗೆ ಹೋದಂತೆ. ಮಳೆಗಾಲದ ಮಲೆನಾಡಿನಲ್ಲಿ, ಒದ್ದೆ ಆರದ ಅಂಗಳದಲ್ಲಿ ಈ ಕೋಶಗಳು ವಾರಗಟ್ಟಲೆ ಉಳಿಯುತ್ತವೆ.

ರಕ್ತಪರೀಕ್ಷೆಯಲ್ಲಿ ಲಿವರ್, ಕಿಡ್ನಿಗಳ ಜೊತೆಗೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ನೋಡಲು ಮರೆಯಬಾರದು. ಅದು ಡೆಸಿಲೀಟರಿಗೆ 2 ಗ್ರಾಂಗಿಂತ ಕೆಳಗಿದ್ದರೆ ಕರುಳಿನಿಂದ ಪ್ರೋಟೀನ್ ಸೋರಿಹೋಗುತ್ತಿರಬಹುದು, ಆಗ ಮನೆಯಲ್ಲಿ ನಿಧಾನವಾಗಿ ಪ್ರಯೋಗ ಮಾಡುತ್ತ ಕೂರುವ ಹಾಗಿಲ್ಲ. ನಮ್ಮಲ್ಲಿ ಉಣ್ಣೆಯಿಂದ ಬರುವ ಟಿಕ್ ಫೀವರ್ ಸಾಮಾನ್ಯ, ಊಟ ಬಿಟ್ಟು ಮಂಕಾಗಿರುವ ನಾಯಿಗೆ ಪ್ಲೇಟ್‌ಲೆಟ್ ಎಣಿಕೆ ನೋಡಲೇಬೇಕು. ಎಷ್ಟು ತಿಂದರೂ ಹಸಿವು ತೀರದೆ, ಬೆನ್ನೆಲುಬು ಎದ್ದು, ಬೂದು ಬಣ್ಣದ ಜಿಡ್ಡು ಮಲ ರಾಶಿ ಹೋಗುತ್ತಿರುವ ಜರ್ಮನ್ ಶೆಫರ್ಡ್ ಕಂಡರೆ ಮೇದೋಜೀರಕ ಗ್ರಂಥಿ ಕಿಣ್ವವನ್ನೇ ಮಾಡುತ್ತಿಲ್ಲವೇನೋ ಎಂದು ಅನುಮಾನಿಸಬೇಕು. ಟಿಎಲ್ಐ ಎಂಬ ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ರಕ್ತ ತೆಗೆಯುವ ಮುನ್ನ ಉಪವಾಸ ಬೇಕು. ಅಡ್ರಿನಲ್ ಗ್ರಂಥಿ ಸೋತ ಅಡಿಸನ್ಸ್ ಕಾಯಿಲೆಯೂ ಬಂದುಹೋಗುವ ಭೇದಿಯ ವೇಷದಲ್ಲಿ ಬರುತ್ತದೆ. ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ರಕ್ತದಲ್ಲಿ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಅದನ್ನು ಬಹುತೇಕ ತಳ್ಳಿಹಾಕಬಹುದು. ಇನ್ನೊಂದು ಬಿ12. ಅದು ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಆ ಭಾಗ ಹದಗೆಟ್ಟು ಬಿ12 ಇಳಿದರೆ ಬೇರೆ ಯಾವ ಚಿಕಿತ್ಸೆಯೂ ಸರಿಯಾಗಿ ನಾಟುವುದಿಲ್ಲ. ವಾರಕ್ಕೊಂದರಂತೆ 6 ವಾರ ಇಂಜೆಕ್ಷನ್, ತಿಂಗಳ ನಂತರ ಇನ್ನೊಂದು, ಆಮೇಲೆ ಮರುಪರೀಕ್ಷೆ. ದಿನವೂ ಮಾತ್ರೆ ಕೊಟ್ಟರೂ ನಡೆಯುತ್ತದೆ.

ಮೆಟ್ರೋನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಮನುಷ್ಯರ ಭೇದಿಗೆಂದು ಮನೆಯ ಡಬ್ಬಿಯಲ್ಲಿರುವ ಮಾತ್ರೆಯನ್ನೇ ಅರ್ಧ ಮಾಡಿ ನಾಯಿಗೆ ಕೊಡುವ ರೂಢಿ ನಮ್ಮಲ್ಲಿ ವ್ಯಾಪಕ. ಮೂರು ದಿನದಲ್ಲಿ ಭೇದಿ ನಿಲ್ಲುವುದೂ ಉಂಟು. ಆದರೆ ನಾಯಿಯ ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಬದಲಾಯಿಸಿ ಹದಕ್ಕೆ ತರುವ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ. ಈ ಮಾತ್ರೆ ಅವನ್ನೂ ಕೊಲ್ಲುತ್ತದೆ. ಬದಲಾಗದೆ ಉಳಿದ ಪಿತ್ತಾಮ್ಲ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆಯುತ್ತದೆ. ಆ ಬ್ಯಾಕ್ಟೀರಿಯಾಗಳು ಮತ್ತೆ ಬೆಳೆಯಲು ವಾರಗಳೇ ಬೇಕು. ಮಾತ್ರೆ ನಿಲ್ಲಿಸಿದಾಗ ಭೇದಿ ಮರಳುವುದು, ಮರಳಿತೆಂದು ಮತ್ತೆ ಮಾತ್ರೆ ಕೊಡುವುದು, ಹೀಗೆ ಸುತ್ತು ಮುಂದುವರಿಯುತ್ತದೆ. ಡೋಸ್ ಮೀರಿದರೆ ತಲೆ ಓಲುವುದು, ತೂರಾಡುವುದು ಕೂಡ ಬರುತ್ತದೆ. ಆ್ಯಂಟಿಬಯೋಟಿಕ್ ಬೇಕಾಗುವ ನಾಯಿಗಳಿವೆ. ಬಾಕ್ಸರ್, ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಬರುವ ಒಂದು ಬಗೆಯ ದೊಡ್ಡ ಕರುಳಿನ ಉರಿಯೂತಕ್ಕೆ ಅದೇ ಮದ್ದು. ಅದನ್ನು ವೈದ್ಯರು ಪರೀಕ್ಷಿಸಿ ತೀರ್ಮಾನಿಸಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಕೂಡ ಕೆಲವು ಕೊಲಿ ಜಾತಿಯ ನಾಯಿಗಳಿಗೆ ವಿಷವೇ. ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಂತೂ ಯಾವ ನಾಯಿಗೂ ಬೇಡ.

ಈಗ ಅಡುಗೆಮನೆಗೆ ಬರೋಣ. ಹೊಟ್ಟೆ ಕೆಟ್ಟ ದಿನಗಳಿಗೆ ಅನ್ನ ಮತ್ತು ಬೇಯಿಸಿದ ಕೋಳಿ ಎಲ್ಲರೂ ಬಲ್ಲ ಪಥ್ಯ. ಅಳತೆ ಮಾತ್ರ ಯಾರೂ ಹೇಳುವುದಿಲ್ಲ. ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿಯ ಅಂದಾಜು ಹೀಗೆ: ತೂಕವನ್ನು 30ರಿಂದ ಗುಣಿಸಿ 70 ಕೂಡಿಸುವುದು. 20 ಕೆಜಿ ನಾಯಿಗೆ 670 ಕಿಲೋಕ್ಯಾಲೊರಿ. ಇದಕ್ಕೆ ಸುಮಾರು 115 ಗ್ರಾಂ ಅಕ್ಕಿ, 210 ಗ್ರಾಂ ಎಲುಬು, ಚರ್ಮ ತೆಗೆದ ಕೋಳಿಯ ಎದೆಮಾಂಸ ಸಾಕು. ಎರಡನ್ನೂ ಬೇಯಿಸುವ ಮುನ್ನವೇ ತೂಗಿ. ಮೆತ್ತಗಿನ ಅನ್ನ ಎಷ್ಟು ನೀರು ಕುಡಿದಿದೆಯೋ ಅದರ ಮೇಲೆ ತೂಕ ಬದಲಾಗುತ್ತದೆ, ಬೇಯಿಸಿ ತೂಗಿದರೆ ಲೆಕ್ಕ ತಪ್ಪುತ್ತದೆ. ಮಾಂಸ ಬೆಂದ ನೀರು ತಣ್ಣಗಾದ ಮೇಲೆ ಮೇಲೆ ಕಟ್ಟಿದ ಕೊಬ್ಬಿನ ಪದರ ತೆಗೆದುಹಾಕಿ, ಉಳಿದ ನೀರಿನಲ್ಲೇ ಅನ್ನ ಕಲಸಿ. ಉಪ್ಪು, ಎಣ್ಣೆ, ಅರಿಶಿನ ಏನೂ ಬೇಡ. ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸಲೇಬಾರದು, ನಾಯಿಯ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ಮನೆಯ ಸಾರು ಹಾಕಬಾರದೆನ್ನುವುದು ಇದೇ ಕಾರಣಕ್ಕೆ. ದಿನದ ಪಾಲನ್ನು ನಾಲ್ಕೈದು ಸಲಕ್ಕೆ ಹಂಚಿ ಕೊಡಿ. ಒಂದೇ ಸಲ ಬಟ್ಟಲು ತುಂಬಿಸಿದರೆ ಒಳ್ಳೆಯ ಪಥ್ಯವೂ ಭೇದಿ ತರಿಸುತ್ತದೆ.

ಇದು ಮೂರು ನಾಲ್ಕು ದಿನದ ಊಟ. ತಿಂಗಳುಗಟ್ಟಲೆ ಇದನ್ನೇ ಹಾಕುವ ಮನೆಗಳಿವೆ, ಅಲ್ಲಿ ಬೇರೆ ತೊಂದರೆ ಹುಟ್ಟುತ್ತದೆ. ಎಲುಬಿಲ್ಲದ ಮಾಂಸ ಮತ್ತು ಅನ್ನದಲ್ಲಿ ನಾಯಿಗೆ ಬೇಕಾದ ಕ್ಯಾಲ್ಸಿಯಂನ ಹತ್ತರಲ್ಲೊಂದು ಪಾಲೂ ಇರುವುದಿಲ್ಲ, ಸತು, ಅಯೋಡಿನ್ ಕೂಡ ಸಾಲದು. ಬೆಳೆದ ನಾಯಿಗೆ ಪ್ರತಿ 1000 ಕಿಲೋಕ್ಯಾಲೊರಿಗೆ ಸುಮಾರು 1.25 ಗ್ರಾಂ ಕ್ಯಾಲ್ಸಿಯಂ ಬೇಕು. ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಒಂದು ಟೀ ಚಮಚಕ್ಕೆ ಸುಮಾರು 2 ಗ್ರಾಂ ಕೊಡುತ್ತದೆ. ಮನೆಯೂಟವನ್ನೇ ಮುಂದುವರಿಸುವುದಾದರೆ ವೈದ್ಯರ ಹತ್ತಿರ ಪೂರ್ತಿ ಪಟ್ಟಿ ಮಾಡಿಸಿಕೊಳ್ಳಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ಎಂಬುದು ನಿಜ, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ. ಆದರೆ ಅದರ ನಾರು ಮತ್ತು ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಪೂರ್ತಿ ಹೀರಲು ಬಿಡುವುದಿಲ್ಲ. ಕರುಳು ಉರಿಯುತ್ತಿರುವಾಗ ರಾಗಿ ಅಂಬಲಿ, ಮುದ್ದೆ ಬೇಡ, ಚೇತರಿಸಿದ ಮೇಲೆ ತೊಂದರೆಯಿಲ್ಲ.

ಕಾರಣ ಪತ್ತೆ ಮಾಡುವ ಊಟ ಬೇರೆಯದು. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನ್, ಒಂದು ಪಿಷ್ಟ, ಅಷ್ಟೇ ಕೊಟ್ಟು ನೋಡುವುದು. ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಹಾಗಾಗಿ ಪಥ್ಯವೆಂದು ನಂಬಿರುವ ಕೋಳಿ, ಮೊಸರುಗಳೇ ಕೆಲವು ನಾಯಿಗಳ ರೋಗ. "ಹೊಸ ಪ್ರೋಟೀನ್" ಯಾವುದೆಂದು ಪುಸ್ತಕ ನೋಡಿ ಹೇಳಲಾಗದು, ಮನೆಯನ್ನು ನೋಡಿ ಹೇಳಬೇಕು. ಮಂಗಳೂರು, ಕುಂದಾಪುರದ ಕಡೆ ಮರಿಯಿಂದಲೂ ಬಂಗುಡೆ ತಲೆ ತಿಂದು ಬೆಳೆದ ನಾಯಿಗೆ ಮೀನು ಹೊಸದಲ್ಲ. ಕೊಡಗಿನ ತೋಟದ ನಾಯಿಗೆ ಹಂದಿ ಮಾಂಸ ಹೊಸದಲ್ಲ. ಮಂಡ್ಯದ ನಾಯಿಗೆ ಇವೆರಡರಲ್ಲಿ ಯಾವುದೂ ಹೊಸದಾಗಿರಬಹುದು. ಕುಳಿತು ನೆನಪಿಸಿಕೊಂಡು, ಈವರೆಗೆ ತಿಂದದ್ದನ್ನೆಲ್ಲ ಬರೆಯಿರಿ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿ. "ಲ್ಯಾಂಬ್" ಎಂದು ದೊಡ್ಡದಾಗಿ ಬರೆದ ಚೀಲದೊಳಗೆ ಕೋಳಿಯ ಕೊಬ್ಬೋ ಕೋಳಿಯ ಪುಡಿಯೋ ಇರುವುದು ಅಪರೂಪವಲ್ಲ. ಮೀನಾದರೆ ಕೊಬ್ಬು ಕಡಿಮೆಯಿರುವುದನ್ನು ಆರಿಸಿ, ಬೇಯಿಸಿ, ಮುಳ್ಳು ಪೂರ್ತಿ ಬಿಡಿಸಿ, ಬೇಯಿಸಿದ ಗೆಣಸಿನ ಜೊತೆ ಕಲಸಬಹುದು.

ಇನ್ನೊಂದು ದಾರಿ ಹೈಡ್ರೊಲೈಜ್ಡ್ ಆಹಾರ. ಇದರಲ್ಲಿ ಪ್ರೋಟೀನನ್ನು ದೇಹ ಗುರುತಿಸಲಾಗದಷ್ಟು ಸಣ್ಣ ತುಂಡುಗಳಾಗಿ ಮೊದಲೇ ಒಡೆದಿರುತ್ತಾರೆ. ವೈದ್ಯರ ಮೂಲಕ ಸಿಗುತ್ತದೆ, ಬೆಲೆ ಹೆಚ್ಚು. ಆದರೂ ಹಣ ಹೊಂದಿಸಲು ಸಾಧ್ಯವಿದ್ದರೆ ನನ್ನ ಆಯ್ಕೆ ಇದೇ. ಪೋಷಕಾಂಶ ಪೂರ್ತಿಯಿರುತ್ತದೆ, ಅಳತೆ ತಪ್ಪುವುದಿಲ್ಲ. ಮಾಂಸ ಬೇಯಿಸದ ಮನೆಗಳಿಗೂ ಇದು ಅನುಕೂಲ. ಅಂಥ ಮನೆಗಳಲ್ಲಿ ಹೊಟ್ಟೆ ಕೆಟ್ಟರೆ ಮೊಸರನ್ನವೇ ಗತಿಯಾಗಿರುತ್ತದೆ. ಹಾಲು ಒಗ್ಗುವ ನಾಯಿಗೆ ಎರಡು ಚಮಚ ಮೊಸರಿನಿಂದ ಕೆಡುಕಿಲ್ಲ, ಆದರೆ ಮೂರು ಹೊತ್ತೂ ಮೊಸರನ್ನ ಹಾಕಿದರೆ ಪ್ರೋಟೀನ್ ಸಾಲದೆ ನಾಯಿಯ ಬೆನ್ನಿನ ಸ್ನಾಯು ಕರಗುತ್ತದೆ, ಹಾಲೇ ಕಾರಣವಾಗಿದ್ದರೆ ಭೇದಿ ನಿಲ್ಲುವುದೂ ಇಲ್ಲ.

ಹಳೆಯ ಊಟದಿಂದ ಹೊಸದಕ್ಕೆ 7ರಿಂದ 10 ದಿನದಲ್ಲಿ ಸಾಗಬೇಕು: ಮೊದಲ ಎರಡು ಮೂರು ದಿನ ಕಾಲು ಪಾಲು ಹೊಸದು, ಆಮೇಲೆ ಅರ್ಧ, ಮುಕ್ಕಾಲು, ಪೂರ್ತಿ. ಪೂರ್ತಿಯಾದ ದಿನದಿಂದ 2 ವಾರ ಎಣಿಸಿ. ಚರ್ಮದ ಅಲರ್ಜಿಗೆ 8 ವಾರ ಬೇಕಾದರೂ ಕರುಳು ಬೇಗ ಉತ್ತರ ಕೊಡುತ್ತದೆ. ಆಹಾರವೇ ಕಾರಣವಾಗಿದ್ದರೆ ಎರಡು ವಾರದಲ್ಲಿ ಅಂಕ ಇಳಿದಿರುತ್ತದೆ. ಇಳಿಯದಿದ್ದರೆ ಸೋಲೊಪ್ಪಬೇಕಿಲ್ಲ, ಬೇರೆ ಬಗೆಯ ಆಹಾರದಿಂದ ಇನ್ನೊಂದು ಸಲ. ಕೆಲವಕ್ಕೆ ಪ್ರೋಟೀನ್ ಸಮಸ್ಯೆಯೇ ಅಲ್ಲ, ಕೊಬ್ಬು ಕಡಿಮೆ ಮಾಡಿದರೆ ಸರಿಹೋಗುತ್ತವೆ. ಕೆಲವಕ್ಕೆ ನಾರು ಬೇಕಿರುತ್ತದೆ.

ಪರೀಕ್ಷೆ ಹಾಳಾಗುವುದು ಬಟ್ಟಲಿನಲ್ಲಿ ಅಲ್ಲ, ಅದರ ಸುತ್ತ. ಬೆಳಗಿನ ಕಾಫಿ ಹೊತ್ತಿಗೆ ಅಜ್ಜಿ ತನ್ನ ಬಿಸ್ಕತ್ತಿನ ತುದಿ ಮುರಿದು ಕೊಡುತ್ತಾರೆ. ನಾಯಿ ಅವರ ಕಾಲ ಹತ್ತಿರ ಕೂತು ಮೊಣಕಾಲಿನ ಮೇಲೆ ಗದ್ದವಿಟ್ಟು ನೋಡುತ್ತಿರುತ್ತದೆ, ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. "ಇಷ್ಟೇ ಇಷ್ಟು ಕಣೋ, ಅದಕ್ಕೇನಾಗತ್ತೆ?" ಆ ಇಷ್ಟೇ ಇಷ್ಟರಲ್ಲಿ ಗೋಧಿ, ಹಾಲು ಎರಡೂ ಇವೆ. ಅಜ್ಜಿಯನ್ನು ಗದರಿ ಪ್ರಯೋಜನವಿಲ್ಲ. ಪಥ್ಯದ ಊಟದ ಕಾಳುಗಳನ್ನೇ ಒಂದು ಡಬ್ಬಿಯಲ್ಲಿ ಹಾಕಿ ಅವರ ಕುರ್ಚಿ ಪಕ್ಕ ಇಟ್ಟು, "ಅಜ್ಜಿ, ಇದರಿಂದ ನೀವೇ ಕೊಡಿ" ಎಂದರೆ ಕೊಡುವ ಖುಷಿಯೂ ಉಳಿಯುತ್ತದೆ, ಪಥ್ಯವೂ. ಮನೆಗೆಲಸಕ್ಕೆ ಬರುವವರಿಗೆ, ವಾಚ್‌ಮನ್‌ಗೆ, ಪಕ್ಕದ ಮನೆಯ ಮಕ್ಕಳಿಗೆ ಕೂಡ ಹೇಳಿರಬೇಕು. ಇನ್ನು ಔಷಧಿಗಳು. ಅಗಿಯುವ ಹುಳುಮಾತ್ರೆ, ಉಣ್ಣೆಮಾತ್ರೆಗಳಿಗೆ ಮಾಂಸದ ರುಚಿ ಸೇರಿಸಿರುತ್ತಾರೆ, ಆ ಅವಧಿಗೆ ಕುತ್ತಿಗೆಯ ಮೇಲೆ ಹಚ್ಚುವ ಔಷಧಿ ಕೇಳಿ. ಮಾತ್ರೆಯನ್ನು ಪನೀರಿನಲ್ಲಿ ಅಡಗಿಸಿ ಕೊಡುವ ಅಭ್ಯಾಸವಿದ್ದರೆ, ಪಥ್ಯದ ಆಹಾರವನ್ನೇ ನೀರಿನಲ್ಲಿ ನೆನೆಸಿ ಉಂಡೆ ಕಟ್ಟಿ ಅದರೊಳಗೆ ಇಡಿ. ವಾಕಿಂಗ್‌ನಲ್ಲಿ ಕಸದ ಮೂಲೆಗಳನ್ನು ತಪ್ಪಿಸಿ, ಎಲ್ಲದಕ್ಕೂ ಬಾಯಿ ಹಾಕುವ ನಾಯಿಗೆ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ.

ದೊಡ್ಡ ಕರುಳಿನ ಭೇದಿಯಲ್ಲಿ ಇಸಬ್‌ಗೋಲ್ ಅದ್ಭುತವಾಗಿ ಕೆಲಸ ಮಾಡುತ್ತದೆ. ಅದು ನೀರು ಹೀರಿ ಲೋಳೆಯಾಗಿ ಮಲಕ್ಕೆ ಆಕಾರ ಕೊಡುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳಿಗೂ ಆಹಾರವಾಗುತ್ತದೆ. ರುಚಿ, ಬಣ್ಣ ಸೇರಿಸದ ಬರೀ ಸಿಪ್ಪೆಯನ್ನು ತೆಗೆದುಕೊಳ್ಳಿ. ಸಿಹಿಕಾರಕ ಹಾಕಿದ ಪುಡಿಗಳು ಬೇಡ. 20 ಕೆಜಿ ನಾಯಿಗೆ ಒಂದು ಹೊತ್ತಿಗೆ ಒಂದು ಟೀ ಚಮಚದಿಂದ ಶುರು ಮಾಡಿ, ಹತ್ತು ನಿಮಿಷ ನೀರಿನಲ್ಲಿ ನೆನೆಸಿಯೇ ಊಟಕ್ಕೆ ಕಲಸಿ. ಒಣದಾಗಿ ಹಾಕಿದರೆ ಗಂಟಲಲ್ಲಿ, ಹೊಟ್ಟೆಯಲ್ಲಿ ಉಬ್ಬುತ್ತದೆ. ಮೂರು ನಾಲ್ಕು ದಿನ ನೋಡಿ ನಿಧಾನವಾಗಿ ಏರಿಸಬಹುದು. ಇದೂ ಒಂದು ಬದಲಾವಣೆಯೇ ಆದ್ದರಿಂದ ಊಟ ಬದಲಿಸಿದ ವಾರದಲ್ಲೇ ಇದನ್ನು ಸೇರಿಸಬೇಡಿ. ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪ್ರೊಬಯೋಟಿಕ್ ಪುಡಿಗೂ ಇದೇ ಮಾತು. ಕೆಲವು ಪ್ರೊಬಯೋಟಿಕ್‌ಗಳಿಗೆ ರುಚಿಗೆಂದು ಕೋಳಿ ಲಿವರ್ ಬೆರೆಸಿರುತ್ತಾರೆ, ಲೇಬಲ್ ನೋಡಿ.

ಹೊಸ ಊಟ ಹಿಡಿಸಿದರೆ 12 ವಾರ ಅದನ್ನೇ ಮುಂದುವರಿಸಿ. ಆಮೇಲೆ ಒಂದು ಹಂತವಿದೆ, ಬಹಳ ಜನ ಹೆದರಿ ಅದನ್ನು ಬಿಟ್ಟುಬಿಡುತ್ತಾರೆ. ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ಕೊಟ್ಟು ನೋಡುವುದು. ಬೇಯಿಸಿದ ಕೋಳಿ ದಿನವೂ ಸ್ವಲ್ಪ, ಎರಡು ವಾರ. ಏನೂ ಆಗದಿದ್ದರೆ ಕೋಳಿ ನಿರಪರಾಧಿ. ಆಮೇಲೆ ಮೊಸರು, ಆಮೇಲೆ ಗೋಧಿ. ಭೇದಿ ಮರಳಿದ ದಿನವೇ ಆ ಪದಾರ್ಥ ನಿಲ್ಲಿಸಿ, ಮಲ ಮತ್ತೆ 2ಕ್ಕೋ 3ಕ್ಕೋ ಬರುವವರೆಗೆ ಹೊಸದೇನನ್ನೂ ಪ್ರಯತ್ನಿಸಬೇಡಿ. ಈ ಕೆಲಸ ಮಾಡದಿದ್ದರೆ ಅಲರ್ಜಿಯಿಲ್ಲದ ಪದಾರ್ಥಗಳನ್ನೂ ನಾಯಿ ಜೀವಮಾನವಿಡೀ ಬಿಟ್ಟಿರಬೇಕಾಗುತ್ತದೆ, ದುಬಾರಿ ಚೀಲವನ್ನು ಕೊಳ್ಳುತ್ತಲೇ ಇರಬೇಕಾಗುತ್ತದೆ.

ಎರಡು ಮೂರು ಬಗೆಯ ಆಹಾರಕ್ಕೂ ಬಗ್ಗದಿದ್ದರೆ ಮುಂದಿನದು ಅಲ್ಟ್ರಾಸೌಂಡ್ ಮತ್ತು ಕರುಳಿನ ಬಯಾಪ್ಸಿ, ಅಂದರೆ ಕರುಳಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು. ಬಯಾಪ್ಸಿಗೆ ಮುನ್ನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಬಾರದೇ ಎಂದು ಮನೆಯವರು ಕೇಳುತ್ತಾರೆ, ನಾಯಿ ಒಣಗುತ್ತಿರುವುದನ್ನು ನೋಡಲಾಗದೆ. ಆದರೆ ಲಿಂಫೋಮಾ ಎಂಬ ಕ್ಯಾನ್ಸರ್ ಇದ್ದರೆ ಸ್ಟೀರಾಯ್ಡ್ ಅದನ್ನು ಕೆಲಕಾಲ ಮರೆಮಾಚುತ್ತದೆ, ಆಮೇಲೆ ತೆಗೆದ ತುಣುಕಿನಲ್ಲಿ ಅದು ಕಾಣದೇ ಹೋಗಬಹುದು. ಉರಿಯೂತವೆಂದು ಖಚಿತವಾದ ಮೇಲೆ ಕೊಡುವ ಸ್ಟೀರಾಯ್ಡನ್ನು ವೈದ್ಯರು ಹೇಳಿದಂತೆ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು, ಥಟ್ಟನೆ ನಿಲ್ಲಿಸಬಾರದು. ಆಗಲೂ ಹಿಡಿಸಿದ ಊಟ ಹಾಗೆಯೇ ಇರಬೇಕು.

ಹೊಟ್ಟೆ ಹತೋಟಿಗೆ ಬಂದ ನಾಯಿಯ ಆಹಾರವನ್ನು ಕಾಪಾಡುವುದೂ ಒಂದು ಕೆಲಸ. ತೆರೆದ ಚೀಲವನ್ನು ಸುಮಾರು 6 ವಾರದೊಳಗೆ ಮುಗಿಸುವ ಗಾತ್ರದಲ್ಲೇ ಕೊಳ್ಳಿ. ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯುವ ಬದಲು ಚೀಲದ ಬಾಯಿ ಮಡಚಿ ಚೀಲವನ್ನೇ ಡಬ್ಬದೊಳಗಿಡಿ. ಡಬ್ಬದ ಗೋಡೆಗೆ ಹಿಡಿದ ಹಳೆಯ ಜಿಡ್ಡು ಕಮಟಾಗಿ ಹೊಸ ಆಹಾರವನ್ನೂ ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ತೇವ ಹೀರಿದ ಕಾಳಿಗೆ ಬೂಷ್ಟು ಹಿಡಿಯುವುದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ವಾಸನೆ ಬದಲಾಗಿದ್ದರೆ ಚೀಲ ಎಷ್ಟೇ ಬೆಲೆಯದಾದರೂ ಎಸೆಯಿರಿ.